ನಾಲ್ಕು ಸೆಂಟಿಮೀಟರಿಗೆ ಎಟುಕದ ಅತ್ತೆಯವರ ಕೈ

ಇಂದ:
ಕಿರಿಯ ತಂತ್ರಜ್ಞೆ (ಆ್ಯಂಟೆನಾ ಮತ್ತು ಕಾರ್ಡ್ ರೀಡರ್ ದುರಸ್ತಿ),
ಉಪಕರಣ ವಿಭಾಗ, ನೆಲಮಾಳಿಗೆ.

ಗೆ:
ಆಸ್ಪತ್ರೆಯ ನಿರ್ದೇಶಕರು, ನಾಲ್ಕನೇ ಮಹಡಿ.
(ಅಧೀಕ್ಷಕರ ಮೂಲಕ ಕಳುಹಿಸಿದ ಕಾಗದಗಳು ಮೆಟ್ಟಿಲು ಹತ್ತುವುದಿಲ್ಲವಾದ ಕಾರಣ, ನೇರವಾಗಿ.)

ವಿಷಯ: ಕರೆ ಫಲಕದ ಆ್ಯಂಟೆನಾ ವ್ಯಾಪ್ತಿಯನ್ನು ಅನುಮತಿಯಿಲ್ಲದೆ ಹಿಗ್ಗಿಸಿದ್ದಕ್ಕೆ ವಿವರಣೆ, ಮತ್ತು ವಶಪಡಿಸಿಕೊಂಡ ತಾಮ್ರದ ಸುರುಳಿಯನ್ನು ಮರಳಿಸಲು ಕೋರಿಕೆ.

ಉಲ್ಲೇಖ: 1. ಅರ್ಜಿದಾರಳ ಮೊದಲ ಮನವಿ, ಎರಡು ಪುಟ.
2. ಅದಕ್ಕೆ ಅಧೀಕ್ಷಕರ ಉತ್ತರ, ಒಂದೂವರೆ ಸಾಲು.
3. ಅರ್ಜಿದಾರಳಿಗೆ ಬಂದ ನೋಟಿಸು, ಮೂರು ಪುಟ.

ಮಾನ್ಯರೇ,

ಸದರಿ ಅರ್ಜಿದಾರಳು ಹದಿನಾಲ್ಕು ವರ್ಷದಿಂದ ಈ ಆಸ್ಪತ್ರೆಯ ಬಾಗಿಲು, ಲಿಫ್ಟು, ಔಷಧಿ ಕಪಾಟುಗಳ ಕಾರ್ಡ್ ರೀಡರ್‌ಗಳನ್ನು ರಿಪೇರಿ ಮಾಡಿಕೊಂಡು, ಯಾರ ಕಣ್ಣಿಗೂ ಬೀಳದೆ ಇದ್ದವಳು. ತನ್ನ ಹೆಸರು ಕಚೇರಿಗೆ ಗೊತ್ತಿದೆ ಎಂಬುದು ಆಕೆಗೆ ತಿಳಿದದ್ದೇ ನೋಟಿಸು ಬಂದ ದಿನ. ಆದ್ದರಿಂದ ಮೊದಲಿಗೆ ಕೃತಜ್ಞತೆಗಳು.

1. ಚೇತರಿಕೆ ವಾರ್ಡಿನಲ್ಲಿ ಹದಿನೆಂಟು ಹಾಸಿಗೆ, ಒಬ್ಬ ನರ್ಸ್. ಮೊದಲು ಪ್ರತಿ ಹಾಸಿಗೆಗೂ ದಾರ ಕಟ್ಟಿದ ಗಂಟೆಯೊಂದಿತ್ತು. ಎಳೆದರೆ ಸದ್ದಾಗುತ್ತಿತ್ತು, ನರ್ಸ್ ಬರುತ್ತಿದ್ದರು. ಇಷ್ಟು ಸುಲಭವಾಗಿದ್ದ ಕಾರಣ ಅದನ್ನು ಹಳೆಯ ಪದ್ಧತಿ ಎಂದು ಘೋಷಿಸಿ, ರಿಬ್ಬನ್ ಕತ್ತರಿಸಿ, ಗೋಡೆಗೆ ಫಲಕಗಳನ್ನು ಕೂರಿಸಲಾಯಿತು. ರೋಗಿಯು ಮಣಿಕಟ್ಟಿನ ಪಟ್ಟಿಯನ್ನು ಫಲಕದಿಂದ ನಾಲ್ಕು ಸೆಂಟಿಮೀಟರಿನೊಳಗೆ ತಂದರೆ ನರ್ಸ್ ಮೇಜಿನ ಮೇಲೆ ದೀಪ ಹತ್ತಿ, ಕರೆದವರ ಹೆಸರು ಮೂಡುತ್ತದೆ. ಅಷ್ಟು ದೂರ ಕೈ ಚಾಚಬಲ್ಲವರು ಸಾಮಾನ್ಯವಾಗಿ ಎದ್ದು ಮನೆಗೇ ಹೋಗುತ್ತಾರೆ ಎಂಬುದು ಬೇರೆ ಮಾತು.

2. ಅರ್ಜಿದಾರಳ ಅತ್ತೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿ, ಆರನೇ ಹಾಸಿಗೆಗೆ ಬಂದರು. ನಾಲಿಗೆ ತೊದಲುತ್ತದೆ. ಎಡಗೈ ಒಂದು ಗೇಣು ಆಡುತ್ತದೆ. ಫಲಕವಿರುವುದು ಬಲಗಡೆ ಗೋಡೆಯಲ್ಲಿ. ನಡುವಿನ ದೂರ ಅರವತ್ತೆರಡು ಸೆಂಟಿಮೀಟರ್.

3. ಈ ಬಗ್ಗೆ ಅರ್ಜಿದಾರಳು ಮನವಿ ಕೊಟ್ಟಳು. ಫಲಕವೂ ಹಾಸಿಗೆಯೂ ನಕ್ಷೆಯ ಪ್ರಕಾರವೇ ಇವೆ, ರೋಗಿಯ ಕೈ ಉಪಕರಣ ವಿಭಾಗದ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಧೀಕ್ಷಕರು ಉತ್ತರಿಸಿದರು. ವ್ಯಾಪ್ತಿಗೆ ಬರುವುದಿಲ್ಲ ಎಂಬುದೇ ಆಕೆಯ ದೂರೂ ಆಗಿದ್ದ ಕಾರಣ, ಇಬ್ಬರಿಗೂ ಒಮ್ಮತವಿದೆ ಎಂದು ಕಡತ ಮುಚ್ಚಲಾಯಿತು.

4. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಕೆ ವಾರ್ಡಿಗೆ ಹೋದಾಗ ಅತ್ತೆ ಸೂರು ನೋಡುತ್ತಾ ಮಲಗಿದ್ದರು. ಹೊದಿಕೆ ಸರಿಸಿದರೆ ಹಾಸಿಗೆಯೆಲ್ಲ ಒದ್ದೆ. ಬೆಳಗಿನಿಂದ ಹಾಗೇ ಇದ್ದರಂತೆ. ಯಾಕೆ ಕೂಗಲಿಲ್ಲ ಎಂದು ಕೇಳಿದ್ದಕ್ಕೆ ಅವರು ತೊದಲುತ್ತಲೇ ಹೇಳಿದ್ದು ಇಷ್ಟು: "ಮೂವತ್ತು ವರ್ಷ ಮಕ್ಕಳಿಗೆ ಕೂಗಬೇಡಿ ಅಂತ ಹೇಳಿದೋಳು ನಾನು."

ಮದುವೆಯಾದಾಗಿನಿಂದ ಆ ಅತ್ತೆಗೂ ಈ ಸೊಸೆಗೂ ಮಾತೆಂದರೆ ಬಾಗಿಲು ಹಾಕಿದೆಯಾ, ಹಾಕಿದೆ ಎಂಬಷ್ಟೇ. ಆ ದಿನ ಬಟ್ಟೆ ಬದಲಿಸುವಾಗ ಅತ್ತೆ ಮುಖ ಅತ್ತ ತಿರುಗಿಸಿಕೊಂಡರು. ಇದಕ್ಕೆ ನಿಗದಿತ ನಮೂನೆಯಲ್ಲಿ ಕಾಲಂ ಇಲ್ಲದಿರುವುದರಿಂದ ಇಲ್ಲಿಯೇ ದಾಖಲಿಸಲಾಗಿದೆ.

5. ಫಲಕದೊಳಗಿನ ಆ್ಯಂಟೆನಾದ ಶಕ್ತಿ ನಾಲ್ಕು ಸೆಂಟಿಮೀಟರ್ ದಾಟುವಷ್ಟರಲ್ಲಿ ಸೋತುಹೋಗುತ್ತದೆ. ಆದರೆ ಅದೇ ಶ್ರುತಿಗೆ ಹೊಂದಿಸಿದ ಇನ್ನೊಂದು ಸುರುಳಿ ಪಕ್ಕದಲ್ಲಿದ್ದರೆ, ಅದು ಆ ಶಕ್ತಿಯನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ವಿದ್ಯುತ್ತೂ ಬೇಡ, ಟೆಂಡರೂ ಬೇಡ. ಗುಜರಿಗೆ ಹಾಕಿದ್ದ ತಾಮ್ರದ ತಂತಿಯಿಂದ ಅರ್ಜಿದಾರಳು ಎರಡು ಸುರುಳಿ ಸುತ್ತಿದಳು. ಒಂದು ಫಲಕದ ಬಳಿ, ಇನ್ನೊಂದು ಅತ್ತೆಯ ಎಡ ಅಂಗೈಯ ಕೆಳಗೆ, ನಡುವೆ ಎರಡೆಳೆ ತಂತಿ. ಶ್ರುತಿ ಹೊಂದಿಸಲು ಮೂರು ದಿನದ ಊಟದ ಬಿಡುವು ಹಿಡಿಯಿತು. ಅತ್ತೆ ಪಟ್ಟಿ ಕಟ್ಟಿದ ಕೈ ಅಲ್ಲಾಡಿಸುವುದು, ಸೊಸೆ ದೀಪ ನೋಡಲು ಓಡುವುದು. ಎರಡನೇ ದಿನ ಅತ್ತೆ, "ಇನ್ನೊಂದು ಸುತ್ತು ಹಾಕಿ ನೋಡು" ಎಂದರು. ಹಾಕಿದಳು. ಮರುದಿನ ದೀಪ ಹತ್ತಿತು. ಅಂದಿನಿಂದ ಹನ್ನೊಂದು ದಿನ ಆರನೇ ಹಾಸಿಗೆ ಒಣಗಿಯೇ ಇತ್ತು.

6. ಹನ್ನೆರಡನೇ ದಿನ ಪರಿಶೀಲನಾ ತಂಡ ಬಂತು. ಫಲಕದ ಹಿರಿಮೆಯನ್ನು ಬಣ್ಣಿಸುತ್ತಾ ಅಧೀಕ್ಷಕರು ಆರನೇ ಹಾಸಿಗೆಗೆ ಒರಗಿ ನಿಂತರು. ಅವರ ಜೇಬಿನಲ್ಲಿದ್ದ ಸಿಬ್ಬಂದಿ ಕಾರ್ಡು ಸುರುಳಿಗೆ ಹತ್ತಿರವಾಯಿತು. ಅತ್ತ ಮೇಜಿನ ಮೇಲೆ ದೀಪ ಹತ್ತಿತು. ನರ್ಸ್ ಬೆಡ್‌ಪ್ಯಾನ್ ಹಿಡಿದು ಓಡಿಬಂದು, ಅದನ್ನು ತಂಡದೆದುರೇ ಅಧೀಕ್ಷಕರತ್ತ ಚಾಚಿದರು. ಇದೇನು ಎಂದು ಅವರು ಕೇಳಿದ್ದಕ್ಕೆ, "ಕರೆದಿದ್ದು ನೀವೇ ಅಂತ ತೋರಿಸ್ತಿದೆ ಸಾರ್" ಎಂದರು.

ನಕ್ಕವರು ಅತ್ತೆ ಒಬ್ಬರೇ, ಅದೂ ಅರ್ಧ ಬಾಯಲ್ಲಿ.

7. ಆದ ಕಾರಣ ಅದೇ ಸಂಜೆ ಜೋಡಿ ಸುರುಳಿಯನ್ನು ಕಿತ್ತು, ಲಕೋಟೆಗೆ ಹಾಕಿ, ಅರಗು ಒತ್ತಿ, ಅಧೀಕ್ಷಕರ ಕಪಾಟಿನಲ್ಲಿ ಭದ್ರಪಡಿಸಲಾಯಿತು. ಅರ್ಜಿದಾರಳಿಗೆ ಮೂರು ಪುಟದ ನೋಟಿಸು ಬಂತು.

8. ಸುರುಳಿ ಕಿತ್ತ ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಎಡಗೈಯಿಂದ ಹಾಸಿಗೆಯ ಕಂಬಿ ಹಿಡಿದು, ಹೇಗೋ ಬಲಕ್ಕೆ ಹೊರಳಿ, ಹಾಸಿಗೆಗೂ ಗೋಡೆಗೂ ನಡುವಿನ ಸಂದಿಗೆ ಜಾರಿಬಿದ್ದರು. ಬೀಳುವಾಗ ಪಟ್ಟಿಯಿದ್ದ ಕೈ ಫಲಕಕ್ಕೆ ಬಡಿಯಿತು. ನರ್ಸ್ ಬಂದರು. ನೆಲಮಾಳಿಗೆಯಿಂದ ಅರ್ಜಿದಾರಳು ಏದುಸಿರು ಬಿಡುತ್ತಾ ತಲುಪಿದಾಗ ಅತ್ತೆಯನ್ನು ಸ್ಟ್ರೆಚರಿಗೆ ಎತ್ತುತ್ತಿದ್ದರು. ಹೆಗಲಿನ ಮೂಳೆ ಮುರಿದಿತ್ತು. ಸೊಸೆಯನ್ನು ಕಂಡು ಅವರು ಕೇಳಿದರು:

"ದೀಪ ಹತ್ತಿತಾ?"

"ಹತ್ತಿತು ಅತ್ತೆ."

ಅವರು ಕಣ್ಣು ಮುಚ್ಚಿಕೊಂಡರು. ಕ್ಷಕಿರಣ ಕೋಣೆಯವರೆಗೂ ಸೊಸೆಯ ಬೆರಳು ಬಿಡಲಿಲ್ಲ.

9. ಅಧೀಕ್ಷಕರು ಮಧ್ಯಾಹ್ನವೇ ಕಡತದಲ್ಲಿ ಬರೆದ ಷರಾ ಹೀಗಿದೆ: "ಹಾಸಿಗೆ ಆರು. ಹನ್ನೊಂದು ಹತ್ತಕ್ಕೆ ಕರೆ ಬಂದಿದೆ, ಸ್ಪಂದಿಸಲಾಗಿದೆ. ಸುರುಳಿಯ ನೆರವಿಲ್ಲದೆಯೇ ರೋಗಿಯು ಫಲಕವನ್ನು ತಲುಪಿರುವುದರಿಂದ, ವ್ಯಾಪ್ತಿ ಸಾಕಷ್ಟಿದೆ ಎಂದು ರುಜುವಾತಾಗಿದೆ."

ಅರ್ಜಿದಾರಳು ಇದನ್ನು ಮೂರು ಸಲ ಓದಿದಳು. ಭಾಷೆಯಲ್ಲಿ ಒಂದೂ ತಪ್ಪಿಲ್ಲ.

ಆದ್ದರಿಂದ ತಾವು ದಯಮಾಡಿ,
(ಅ) ಲಕೋಟೆಯಲ್ಲಿರುವ ಸುರುಳಿಯನ್ನು ಮರಳಿಸಿ, ಬೇಕಿರುವ ಉಳಿದ ಹಾಸಿಗೆಗಳಿಗೂ ಅಂಥದ್ದೇ ಸುತ್ತಿಕೊಡಲು ಅನುಮತಿಸಬೇಕು, ಅಥವಾ
(ಆ) ಅದು ಸಾಧ್ಯವಿಲ್ಲವಾದರೆ, ಕಡತದಲ್ಲಿ ರುಜುವಾತಾಗಿರುವ ಕ್ರಮವನ್ನೇ ಎಲ್ಲರಿಗೂ ಅನ್ವಯಿಸಿ, ಉಳಿದ ಹದಿನೇಳು ಮಂದಿ ಯಾವ ದಿನ, ಎಷ್ಟು ಗಂಟೆಗೆ ಬೀಳಬೇಕು ಎಂಬ ವೇಳಾಪಟ್ಟಿಯನ್ನು ತಮ್ಮ ಸಹಿಯೊಂದಿಗೆ ವಾರ್ಡಿನಲ್ಲಿ ಅಂಟಿಸಬೇಕು.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
(ಸಹಿ)
ಕಿರಿಯ ತಂತ್ರಜ್ಞೆ

ಲಗತ್ತುಗಳು:
1. ಹೆಗಲಿನ ಕ್ಷಕಿರಣ ಚಿತ್ರ, ಒಂದು.
2. ಅಧೀಕ್ಷಕರ ಷರಾದ ನಕಲು.
3. ವಾರ್ಡಿನ ಹದಿನೆಂಟು ಹಾಸಿಗೆಗಳಿಂದ ಫಲಕಕ್ಕಿರುವ ದೂರದ ಪಟ್ಟಿ.

ವಿ.ಸೂ.: ಏಳನೇ ಹಾಸಿಗೆಯ ಅಜ್ಜಿಗೆ ಎಂಬತ್ತೊಂದು ವರ್ಷ. ಅವರ ಸರದಿ ಯಾವತ್ತು ಎಂದು ಒಂದು ದಿನ ಮುಂಚೆ ತಿಳಿಸಿದರೆ, ನೆಲಕ್ಕೆ ಏನಾದರೂ ಹಾಸಲು ಅನುಕೂಲವಾಗುತ್ತದೆ.