ಸಲೇಟಿನ ಮೇಲಿನ ಸಂಸಾರ

ಗಂಡ ಮಾತಾಡದಿದ್ದರೆ ಮನೆ ತಣ್ಣಗಿರುತ್ತದೆ ಎಂದು ನಂಬಿದವರಲ್ಲಿ ನಾನೂ ಒಬ್ಬಳು. ಸಂಜೆ ದೀಪ ಹಚ್ಚುವಾಗ ಎಷ್ಟೋ ಸಲ, "ಶಿವನೇ, ಇವರ ಬಾಯಿಗೆ ಒಂದೀಟು ವಿಶ್ರಾಂತಿ ಕೊಡಪ್ಪ" ಎಂದು ಬೇಡಿಕೊಂಡಿದ್ದೇನೆ. ಶಿವ ಕಿವುಡನಲ್ಲ. ಆದರೆ ನಾನು ಕೇಳಿದ್ದು ಒಂದೀಟು.

ಹೋದ ಸುಗ್ಗಿಯಲ್ಲಿ ಕಡಲೆ ರಾಶಿ ಮುಗಿಸಿ ಬಂದ ನಮ್ಮ ಮನೆಯವರು ಚಹಾ ಕೇಳಲು ಬಾಯಿ ತೆರೆದರು, ಮಾತು ಬರಲಿಲ್ಲ. ನಮ್ಮೂರು ಯರಗುಪ್ಪಿಯಿಂದ ಹುಬ್ಬಳ್ಳಿಗೆ ಒಯ್ದೆವು. ಮಿದುಳಿನಲ್ಲಿ ಒಂದು ಕಡೆ ರಕ್ತ ಹೆಪ್ಪುಗಟ್ಟಿದೆ ಎಂದ ಡಾಕ್ಟರು ಈ ಮಾತು ಹೋಗುವುದಕ್ಕೆ 'ಅಫೇಮಿಯಾ' ಎಂಬ ಹೆಸರು ಹೇಳಿದರು. ಕೇಳಿದ್ದೆಲ್ಲ ತಿಳಿಯುತ್ತದೆ, ಓದು ಬರಹ ಬರುತ್ತದೆ, ಮಾತು ಮಾತ್ರ ಬಾಯಿಗೆ ಬಾರದು. ಬಹಳ ಅಪರೂಪದ್ದಂತೆ. ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಸಕ್ಕರೆ ರೋಗ, ಇಲ್ಲವೇ ಬಿ.ಪಿ. ಅಷ್ಟು ಅಳುವಿನ ನಡುವೆಯೂ, ಸುಳ್ಳೇಕೆ ಹೇಳಲಿ, ನನಗೆ ಸಣ್ಣದೊಂದು ಹೆಮ್ಮೆ ಬಂದುಹೋಯಿತು.

ಕೈಕಾಲು ಉಳಿಸಿದ್ದಾನೆ, ತುತ್ತು ನುಂಗುವುದನ್ನು ಉಳಿಸಿದ್ದಾನೆ ಎಂದು ಶಿವನಿಗೆ ಕೈಮುಗಿದೆ. ಅಟ್ಟದ ಮೇಲಿದ್ದ ಮಗಳ ಹಳೆಯ ಸಲೇಟು ಕೆಳಗಿಳಿಯಿತು. ಮೊದಲ ದಿನ ಅವರು ಬರೆದದ್ದು 'ಸಾರಿಗೆ ಉಪ್ಪು ಕಡಿಮೆ' ಎಂದು. ಅಂದರೆ ಮನುಷ್ಯ ಪೂರ್ತಿ ಇದ್ದಾನೆ ಎಂದು ಸಮಾಧಾನವಾಯಿತು. ಸಲೇಟಿನ ಸಂಸಾರದಲ್ಲಿ ಸುಖವೂ ಇದೆ. ಜಗಳ ಸಲೇಟಿನ ಅಂಚಿಗೆ ಬಂದು ನಿಲ್ಲುತ್ತದೆ. ನನಗೆ ಬೇಡವಾದದ್ದನ್ನು ಬರೆಯತೊಡಗಿದರೆ ನಾನು ಒಲೆಯ ಕಡೆ ತಿರುಗಿಬಿಡುತ್ತಿದ್ದೆ.

ಆ ಸುಖಕ್ಕೆ ಹುಬ್ಬಳ್ಳಿಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಕಲ್ಲು ಹಾಕಿದರು. "ಸಲೇಟು ರೂಢಿಯಾದ್ರ ಬಾಯಿ ಆಳಸಿ ಆಗತೈತ್ರಿ. ಈಗ ದುಡಿಸಿದ್ರ ಮಾತು ಬರತೈತಿ. ಬಿಟ್ರ ಮುಂದ ಕಷ್ಟ ಐತಿ. ಹೆಸರಿಂದ ಸುರು ಮಾಡ್ರಿ. ಮನ್ಯಾಗ ಒಬ್ಬರಿಗೊಬ್ಬರು ಏನಂತ ಕರೀತೀರಿ?"

"ನಾ 'ಏನ್ರೀ' ಅಂತೇನ್ರಿ. ಅವರು 'ಲೇ' ಅಂತಾರ್ರಿ."

"'ಲೇ' ಅನ್ನೂದು ಹೆಸರಲ್ಲಕ್ಕಾರ. ನೀವು ಅವರ ಹೆಸರ ಹಿಡದು ಕರೀರಿ, ಅವರು ನಿಮ್ಮ ಹೆಸರ ಹಿಡದು ಕರೀಲಿ."

ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಆಚೆ ನೋಡುತ್ತ ಬಂದೆವು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟದ್ದು. ಇವರೋ, ಮದುವೆಯಲ್ಲಿ ಹೊಸ್ತಿಲಿಗೆ ಅಡ್ಡ ನಿಂತ ಹೆಂಗಸರು ಹೆಂಡತಿಯ ಹೆಸರು ಹೇಳೆಂದಾಗ ಕೆಮ್ಮು ಬಂದವರಂತೆ ಮಾಡಿ ಒಳಗೆ ನುಸುಳಿದವರು.

ಆದರೂ ಮನೆಗೆ ಬಂದವಳೇ ಸಲೇಟನ್ನು ಜೋಳದ ಚೀಲದೊಳಗೆ ಹುಗಿದೆ. "ಏನು ಬೇಕೋ ಬಾಯಿಂದ ಕೇಳ್ರಿ, ಕೊಡ್ತೇನಿ" ಎಂದೆ. ಅವರು ಗೋಡೆಗೆ ಮುಖ ಮಾಡಿ ಕುಳಿತರು. ಬಡಿಸಿದ ರೊಟ್ಟಿ ತಟ್ಟೆಯಲ್ಲೇ ಸೆಟೆಯಿತು. ಹಿಂದಿನ ವಾರ ಅವರು ಮಾತಾಡಲು ಹೋಗಿ ತೊದಲಿದ್ದಕ್ಕೆ ಕಟ್ಟೆಯ ಮೇಲಿನ ಮಂದಿ ನಕ್ಕಿದ್ದರು. ಅಂದಿನಿಂದ ಬಾಯಿ ತೆರೆಯಲೊಲ್ಲರು. ಆದರೂ ನಾನು ಚೀಲದ ಬಾಯಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಬಾಜು ಮನೆಯ ಖೈರುನ್‌ಬಿ ಉಪ್ಪಿನಕಾಯಿ ತಂದಳು. ನಡೆದದ್ದೆಲ್ಲ ಕೇಳಿ, "ಅಷ್ಟಕ್ಕ ಯಾಕ ಉಪಾಸ? ಒಡಪ ಹಚ್ಚಿ ಹೇಳಬೇ ಅಕ್ಕಾ. ಒಡಪಿನ್ಯಾಗ ಗಂಡನ ಹೆಸರು ಹೇಳಿದ್ರ ದೋಷಿಲ್ಲಂತ ಸೀಮಂತದಾಗ ನೀನ ಎಲ್ಲಾರಿಗೂ ಹೇಳ್ತಿ" ಎಂದಳು.

ಹೌದಲ್ಲ. ಸೆರಗು ಸರಿಮಾಡಿಕೊಂಡು, ದೇವರ ಕಡೆ ಒಮ್ಮೆ ನೋಡಿ, ಹೆಸರು ಸೇರಿಸಿ ಪ್ರಾಸದ ಎರಡು ಸಾಲು ಅಲ್ಲೇ ಕಟ್ಟಿ ಹೇಳಿದೆ:

"ಎರಿ ಹೊಲಕ ಕಡ್ಲಿ ಚಂದ, ಕಡ್ಲಿ ಎಲಿಗೆ ಹುಳಿ ಚಂದ,
ಸಲೇಟ ಬಿಟ್ಟು ಬಾಯಿ ತಗದರ ನಮ್ಮ … ಅವರ ಮಾರಿ ಚಂದ."

ಚುಕ್ಕೆ ಇಟ್ಟಲ್ಲಿ ಹೆಸರು ಬರುತ್ತದೆ. ಒಡಪಿನಲ್ಲಿ ಹೇಳಲು ಅಪ್ಪಣೆ ಇದೆ. ಬರೆಯಲು ಇದೆಯೋ ಇಲ್ಲವೋ ತಿಳಿಯದು, ಯಾಕೆ ಬೇಕು.

ಗೋಡೆಯ ಕಡೆಗಿದ್ದ ಮುಖ ಮೆಲ್ಲಗೆ ಇತ್ತ ತಿರುಗಿತು. "ಈಗ ನಿಮ್ಮ ಪಾಳಿರಿ ಅಣ್ಣಾರ. ಕೆಮ್ಮಿದ್ರ ನಡಿಯಂಗಿಲ್ಲ" ಎಂದು ಖೈರುನ್‌ಬಿ ಬಾಗಿಲಿಗೆ ಅಡ್ಡ ಕುಳಿತಳು. ಅವರು ನಕ್ಕರು. ತುಟಿ ಒಂದು ಕಡೆ ಹೋಯಿತು, ನಾಲಗೆ ಇನ್ನೊಂದು ಕಡೆ. ಕುತ್ತಿಗೆಯ ನರ ಉಬ್ಬಿತು. ಇನ್ನು ಸಾಕು ಎಂದು ನಾನು ಚೀಲಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಭಾರದ ಮೂಟೆ ಒಂದೊಂದಾಗಿ ಇಳಿಸಿದ ಹಾಗೆ ಬಂತು:

"ನೀ… ಲ… ವ್ವ."

ನಮ್ಮ ಊರಿನ ರಾಗವೇ ಅಲ್ಲ; ಮೈಸೂರು ಕಡೆಯ ಮೇಷ್ಟ್ರು ಹಾಜರಿ ಕರೆದ ಹಾಗಿತ್ತು. ಆದರೆ ಹೆಸರು ನನ್ನದು.

"ಓ ಅನ್ನಬೇ ಅಕ್ಕಾ" ಎಂದಳು ಖೈರುನ್‌ಬಿ. ನನಗೆ ದನಿಯೇ ಹೊರಡಲಿಲ್ಲ. "ಒಂದ ಮನ್ಯಾಗ ಇಬ್ಬರಿಗೂ ಹತ್ತತೇನು ಈ ಜಡ್ಡು?" ಎಂದು ಅವಳು ನನ್ನ ಬೆನ್ನು ತಟ್ಟಿದಳು.

ಈಗ ಅವರು ಅಭ್ಯಾಸವನ್ನು ಬಿಡುತ್ತಿಲ್ಲ. ಹೊಲದಿಂದ ಬರುವಾಗ ಓಣಿಯ ತುದಿಯಿಂದಲೇ ಕರೆಯುತ್ತ ಬರುತ್ತಾರೆ. ಮೊನ್ನೆ ತಡೆಯಲಾಗದೆ, "ಸಾವಕಾಶ್ರಿ, ಮಂದಿ ಕೇಳ್ತಾರ" ಎಂದುಬಿಟ್ಟೆ. ಅವರು ಸುಮ್ಮನೆ ಕೈ ಚಾಚಿದರು: ಹಾಗಾದರೆ ಸಲೇಟು ಕೊಡು. ಕೊಡಲಿಲ್ಲ. "ಕರೀರಿ, ಯಾರು ಬೇಕಾದ್ರೂ ಕೇಳ್ಲಿ" ಎಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಅಂಗಳದಲ್ಲೇ ನಿಂತೆ. ಕರೆದರು. ಇವತ್ತಿಗೂ ಕರೆಯುತ್ತಾರೆ, ದಿನಕ್ಕೊಂದಿಷ್ಟು ಸ್ಪಷ್ಟವಾಗಿ. ಓ ಎನ್ನುವುದನ್ನು ಮಾತ್ರ ನಾನಿನ್ನೂ ಕಲಿಯುತ್ತಿದ್ದೇನೆ.