ಹತ್ತೊಂಬತ್ತು ದೋಷಗಳ ಪಿಕಪ್

ಹೊಸದಾಗಿ ಬಂದ ಆ ಪಿಕಪ್ ಗಾಡಿಯ ಬೆಲೆಯನ್ನು ನೂರಕ್ಕೆ ಹತ್ತರಷ್ಟಾದರೂ ಇಳಿಸದೆ ಮನೆಗೆ ಬಂದರೆ ನನ್ನ ಕೆಂಪು ಪೆನ್ನನ್ನು ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಎಸೆಯುತ್ತೇನೆ ಎಂದು ಸೋಮವಾರ ಬೆಳಗ್ಗೆ, ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಎತ್ತಿ ಹಿಡಿದು ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆಯ ಜೊತೆಗೆ ಸ್ವಲ್ಪ ನೊರೆಯೂ ಹೆಂಡತಿಯ ಸೆರಗಿನ ಮೇಲೆ ಬಿತ್ತು.

"ಮೊದಲು ಬಾಯಿ ತೊಳೀರಿ" ಎಂದಳು.

ಕೆಂಪು ಪೆನ್ನು ಎಂದರೆ ಅದು ಬರೀ ಪೆನ್ನಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ತಪ್ಪು ಹುಡುಕುವುದಕ್ಕೆ ತಿಂಗಳ ಸಂಬಳ ತೆಗೆದುಕೊಳ್ಳುವ ಭಾಗ್ಯ ಎಷ್ಟು ಜನರಿಗಿದೆ? ಔಷಧಿ ಬಾಟಲಿ ಕೈಗೆ ಬಂದರೆ ಔಷಧಿ ಕುಡಿಯುವ ಮೊದಲು ಚೀಟಿ ತಿದ್ದುತ್ತೇನೆ. ಜ್ವರ ಕಾಯುತ್ತದೆ.

ಗಾಡಿ ಬೇಕಾಗಿದ್ದು ಹೆಂಡತಿಗೆ. ಅವಳದು ಕುಶನ್ ಅಂಗಡಿ. ಹಳೆಯ ಸೋಫಾ, ಮುರುಕು ಕುರ್ಚಿ, ಎದ್ದರೂ ಕೂತರೂ ಕಿರುಗುಡುವ ಮಂಚ, ಎಲ್ಲವೂ ಅವಳ ಕೈಗೆ ಸಿಕ್ಕರೆ ಹೊಸ ಹುಟ್ಟು ಪಡೆಯುತ್ತವೆ. ಅವಳ ಮೂರು ಚಕ್ರದ ಸಾಮಾನು ಗಾಡಿ ಹದಿನಾಲ್ಕು ವರ್ಷ ದುಡಿದು, ಹೋದ ವಾರ ನಡುರಸ್ತೆಯಲ್ಲಿ ಒಂದು ಚಕ್ರವನ್ನು ಕಳಚಿಟ್ಟು ನಿವೃತ್ತಿ ಘೋಷಿಸಿತು. ಅದೇ ವಾರ ಅವಳ ಬದುಕಿನ ಅತಿ ದೊಡ್ಡ ಆರ್ಡರು ಬಂದಿತ್ತು: ಕಣ್ಣಾಸ್ಪತ್ರೆಯೊಂದರ ಹಜಾರಕ್ಕೆ ಮೂವತ್ತಾರು ಮೆತ್ತನೆಯ ಕುರ್ಚಿ, ಶುಕ್ರವಾರ ಸಂಜೆಯೊಳಗೆ. ತಪ್ಪಿದರೆ ಎದುರು ರಸ್ತೆಯ ಕುಶನ್ ಅಂಗಡಿಯವನಿಗೆ. ಅವನಾಗಲೇ ಆಸ್ಪತ್ರೆಯ ಬಾಗಿಲಲ್ಲಿ ಸುಳಿದಾಡುತ್ತಿದ್ದ, ಅದೂ ಕಣ್ಣಲ್ಲಿ ಯಾವ ದೋಷವೂ ಇಲ್ಲದೆ.

ಇನ್ನು ನನ್ನ ಭಾವಮೈದನ ಕತೆ. ನಾಲ್ಕು ವರ್ಷದ ಹಿಂದೆ ಅವನು ಶೋರೂಮಿಗೆ ಹೋಗಿ, ಚೀಟಿಯ ಮೇಲಿದ್ದ ಬೆಲೆಯನ್ನೇ ಕೊಟ್ಟು, ಹನ್ನೆರಡು ನಿಮಿಷದಲ್ಲಿ ಕಾರು ತಂದವನು. ಆ ಹನ್ನೆರಡು ನಿಮಿಷಕ್ಕೆ ನಾನು ನಾಲ್ಕು ವರ್ಷ ನಕ್ಕಿದ್ದೇನೆ. ಈಗ ಜಗತ್ತಿಗೆ ಚೌಕಾಸಿ ಎಂದರೇನು ಎಂದು ತೋರಿಸುವ ಕಾಲ ಬಂದಿತ್ತು.

ನನ್ನ ಸಿದ್ಧಾಂತ ಸರಳ. ವಸ್ತುವಿನಲ್ಲಿ ತಪ್ಪು ತೋರಿಸುತ್ತಾ ಹೋಗು, ತಪ್ಪಿಗೊಂದು ಮೆಟ್ಟಿಲಿನಂತೆ ಬೆಲೆ ಇಳಿಯುತ್ತಾ ಬರುತ್ತದೆ. ದಾರಿಯಲ್ಲಿ ಹೆಂಡತಿಗೆ ಪಾಠ ಮಾಡಿದೆ.

"ಅಲ್ಲಿ ನೀನು ಬಾಯಿ ತೆಗೀಬೇಡ. ಗಾಡಿ ಹಿಡಿಸಿತು ಅಂತ ಮುಖದಲ್ಲಿ ತೋರಿಸಬೇಡ. ಅವಸರ ಇದೆ ಅಂತಂತೂ ಹೇಳಲೇಬೇಡ."

"ಶುಕ್ರವಾರ ಕುರ್ಚಿ ಕೊಡಬೇಕಲ್ಲ ರೀ."

"ಅದನ್ನೇ ಕಣೇ ಹೇಳಬೇಡ ಅನ್ನೋದು."

"ಹಾಗಾದ್ರೆ ನಾನು ಯಾಕೆ ಬರಬೇಕು?"

"ಚೆಕ್ಕಿಗೆ ಸಹಿ ಹಾಕೋದು ಯಾರು?"

ಅವಳು ಕೈಚೀಲದಲ್ಲಿ ಅಳತೆ ಟೇಪು ಇದೆಯೇ ಎಂದು ನೋಡಿಕೊಂಡಳು. ಮಾತಾಡಲಿಲ್ಲ. ಶಿಷ್ಯೆ ಬೇಗ ಕಲಿಯುತ್ತಿದ್ದಾಳೆ ಎಂದುಕೊಂಡೆ.

ಶೋರೂಮಿನ ನೆಲ ನನ್ನ ಮುಖ ನನಗೇ ಕಾಣುವಷ್ಟು ಹೊಳೆಯುತ್ತಿತ್ತು. ನಡುವೆ ದೀಪಗಳ ಕೆಳಗೆ, ಮೂತಿಗೆ ರಿಬ್ಬನ್ ಕಟ್ಟಿಸಿಕೊಂಡು ಬೆಳ್ಳಗೆ ನಿಂತಿತ್ತು ಪಿಕಪ್. ಒಳಗೆ ಒಂದು ಇಡೀ ಕುಟುಂಬ ಸರದಿಯಂತೆ ಚಾಲಕನ ಸೀಟಿನಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಿತ್ತು. ಕೊನೆಗೆ ಅಜ್ಜಿಯನ್ನೂ ಹತ್ತಿಸಿದರು. ಅಜ್ಜಿ ಹಾರ್ನ್ ಒತ್ತಿ ಸಂತೃಪ್ತಿಯಿಂದ ಇಳಿದರು.

ನಮ್ಮನ್ನು ಎದುರುಗೊಂಡ ಮಾರಾಟಗಾರ ಟೈ ಕಟ್ಟಿದ್ದ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಹಾಳೆ ಇತ್ತು. ಹೆಸರು ಎದೆಯ ಬಿಲ್ಲೆಯ ಮೇಲಿತ್ತು. ಆದರೆ ನಮ್ಮ ಮನೆಯಲ್ಲಿ ಇವತ್ತಿಗೂ ಅವನಿಗೆ 'ಖಂಡಿತ' ಎಂದೇ ಹೆಸರು. ಏಕೆಂದರೆ ಅವನು ಬೇರೆ ಮಾತನ್ನೇ ಆಡುತ್ತಿರಲಿಲ್ಲ.

"ಈ ಮಾಡೆಲ್ ಬಿಡುಗಡೆಯಾಗಿ ಎಷ್ಟು ದಿನ ಆಯ್ತು?" ಎಂದೆ, ಏನೂ ಆಸಕ್ತಿ ಇಲ್ಲದವನಂತೆ ಚಾವಣಿ ನೋಡುತ್ತಾ.

"ಆರು ವಾರ ಸರ್. ತುಂಬಾ ಬೇಡಿಕೆ. ಬುಕ್ ಮಾಡಿದ್ರೆ ಎರಡೂವರೆ ತಿಂಗಳು ಕಾಯಬೇಕು. ಇವತ್ತೇ ಬೇಕು ಅಂದ್ರೆ ಇರೋದು ಇದೊಂದೇ."

ಹೆಂಡತಿ ನನ್ನ ಕಡೆ ನೋಡಿದಳು. ನಾನು ಕಣ್ಣಲ್ಲೇ ಗದರಿಸಿ, ಪೆನ್ನಿನ ಮುಚ್ಚಳ ತೆಗೆದೆ.

"ಬಾಗಿಲು ಹಾಕಿದ್ರೆ ತಗಡಿನ ಡಬ್ಬ ಬಿದ್ದ ಹಾಗೆ ಸದ್ದು ಬರುತ್ತಲ್ಲ?"

"ಖಂಡಿತ ಸರ್" ಎಂದು ಬರೆದುಕೊಂಡ.

ಒಂದನೇ ಮೆಟ್ಟಿಲು. "ಹಾರ್ನ್ ಕೇಳಿದ್ರೆ ಗಾಡಿ ಕ್ಷಮೆ ಕೇಳ್ತಿರೋ ಹಾಗಿದೆ."

"ಖಂಡಿತ ಸರ್." ಬರೆದುಕೊಂಡ.

"ಹಿಂದೆ ಸಾಮಾನು ತುಂಬೋ ಜಾಗಕ್ಕೆ ತಲೆ ಮೇಲೆ ಏನೂ ಇಲ್ಲ. ಮಳೆ ಬಂದ್ರೆ?"

"ಖಂಡಿತ ನೆನೆಯುತ್ತೆ ಸರ್."

"ಬಿಳಿ ಬಣ್ಣ. ಹತ್ತಿರ ನಿಂತು ಕೆಮ್ಮಿದ್ರೂ ಕೊಳೆಯಾಗುತ್ತೆ."

"ಖಂಡಿತ."

ಇಷ್ಟು ವಿನಯದಿಂದ ಶರಣಾಗುವ ಶತ್ರುವನ್ನು ನಾನು ಕಂಡಿರಲಿಲ್ಲ. ನಮ್ಮ ಲೇಖಕರು ಒಂದು ಅಲ್ಪವಿರಾಮಕ್ಕೆ ಅರ್ಧ ಗಂಟೆ ಜಗಳವಾಡುತ್ತಾರೆ. ಇವನು ಬಾಗಿಲು, ಹಾರ್ನ್, ಬಣ್ಣ ಎಲ್ಲವನ್ನೂ ಜಗಳವಿಲ್ಲದೆ ಬಿಟ್ಟುಕೊಟ್ಟ. ನನಗೆ ಹುಮ್ಮಸ್ಸು ಏರಿತು. ನೆಲಕ್ಕೆ ಬಗ್ಗಿ ಚಕ್ರ ನೋಡಿದೆ, ತುದಿಗಾಲಲ್ಲಿ ನಿಂತು ಚಾವಣಿ ನೋಡಿದೆ. ಹಿಂದಕ್ಕೆ ಸರಿಯುವಾಗ ಏನೂ ಕಾಣುವುದಿಲ್ಲ ಎಂದೆ. ಸ್ಟೀರಿಂಗ್ ಜಾರುತ್ತದೆ ಎಂದೆ. ಸೀಟಿನ ರೆಕ್ಸಿನ್ ಬಿಸಿಲಿಗೆ ದೋಸೆಯ ಕಾವಲಿಯಾಗುತ್ತದೆ ಎಂದೆ. ಇಷ್ಟರಲ್ಲಿ ಪಕ್ಕದ ಮೂರ್ನಾಲ್ಕು ಗಿರಾಕಿಗಳು ನನ್ನ ಸುತ್ತ ಸೇರಿದ್ದರು. ಹತ್ತೊಂಬತ್ತನೆಯ ದೋಷವಾಗಿ, ಗಾಡಿಯ ಮುಖದಲ್ಲಿ ಒಂದು ಬಗೆಯ ದುರಹಂಕಾರವಿದೆ ಎಂದಾಗ ಒಬ್ಬರು ತಲೆಯನ್ನೂ ಆಡಿಸಿದರು.

"ಖಂಡಿತ ಸರ್" ಎಂದ ಖಂಡಿತ. "ಈಗ ಒಟ್ಟು ಹಾಕಿ ಕೊಡ್ತೀನಿ."

ಹಾಳೆ ಬಂತು. ಕರಡು ನೋಡುವಂತೆ ಮೇಲಿಂದ ಕೆಳಗೆ ನೋಡಿದೆ. ಕೆಳಗಿದ್ದ ಮೊತ್ತ ಚೀಟಿಯ ಬೆಲೆಗಿಂತ ನೂರಕ್ಕೆ ಹದಿನಾಲ್ಕರಷ್ಟು ಹೆಚ್ಚಿತ್ತು.

"ಇಲ್ಲಿ ತಪ್ಪಾಗಿದೆ. ಕಳೆಯೋ ಕಡೆ ಕೂಡಿದ್ದೀರಿ."

"ಇಲ್ಲ ಸರ್. ಸದ್ದಿಗೆ ಬಾಗಿಲಿನ ಒಳಪದರ. ಕ್ಷಮೆಗೆ ಜೋಡಿ ಹಾರ್ನ್. ಮಳೆಗೆ ಕಬ್ಬಿಣದ ಚೌಕಟ್ಟು, ಟಾರ್ಪಾಲು. ಕೆಮ್ಮಿಗೆ ಬಣ್ಣದ ಮೇಲೆ ಲೇಪನ. ಹಿಂದೆ ಕ್ಯಾಮೆರಾ, ಕಾವಲಿಗೆ ಸೀಟ್ ಕವರ್. ನೀವು ಹೇಳಿದ ಒಂದೊಂದಕ್ಕೂ ನಮ್ಮಲ್ಲಿ ಪರಿಹಾರ ಇದೆ ಸರ್."

"ದುರಹಂಕಾರಕ್ಕೆ?"

"ಮುಂದೆ ಸ್ಟೀಲಿನ ಗಾರ್ಡ್ ಹಾಕ್ತೀವಿ ಸರ್. ಮುಖವೇ ಕಾಣಲ್ಲ."

ಅಂದರೆ ನಾನು ಮೆಟ್ಟಿಲು ಇಳಿಯುತ್ತಿದ್ದೇನೆ ಎಂದುಕೊಂಡು ಹತ್ತೊಂಬತ್ತು ಮೆಟ್ಟಿಲು ಹತ್ತಿದ್ದೆ. ತಲೆಯಾಡಿಸಿದ್ದ ಗಿರಾಕಿ ಮೆಲ್ಲಗೆ ಜಾಗ ಖಾಲಿ ಮಾಡಿದರು. ಅಲ್ಲೇ ಇದ್ದ ಯಂತ್ರದಿಂದ ಒಂದು ಲೋಟ ಕಾಫಿ ಹಿಡಿದು ಕುಡಿದೆ. ಅದರಲ್ಲೂ ತಪ್ಪಿತ್ತು, ಬಾಯಿ ಬಿಡುವ ಧೈರ್ಯ ಬರಲಿಲ್ಲ.

"ತಮ್ಮನಿಗೆ ಫೋನ್ ಮಾಡ್ಲಾ?" ಎಂದಳು ಹೆಂಡತಿ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

ಇದಕ್ಕಿಂತ ಕ್ರೂರವಾದ ವಾಕ್ಯವನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ತಿದ್ದಿಲ್ಲ.

ಉತ್ತರಕ್ಕೆ ಕಾಯದೆ ಅವಳು ಎದ್ದು ಗಾಡಿಯ ಬಳಿ ಹೋದಳು. ಟೇಪು ತೆಗೆದು ಹಿಂಭಾಗದ ಉದ್ದಗಲ ಅಳೆದಳು. ಮೂವತ್ತಾರು ಕುರ್ಚಿ ಒಂದರ ಮೇಲೊಂದಿಟ್ಟರೆ ಎರಡು ಸಲಕ್ಕೆ ಆಗುತ್ತದೆ ಎಂದು ತನ್ನಷ್ಟಕ್ಕೇ ಲೆಕ್ಕ ಹಾಕಿದಳು. ಆಮೇಲೆ ಬಾಗಿಲು ತೆಗೆದು ಚಾಲಕನ ಸೀಟನ್ನು ಅಂಗೈಯಿಂದ ಒತ್ತಿದಳು. ಬಿಟ್ಟಳು. ಮತ್ತೆ ಒತ್ತಿದಳು. ಆಚೆ ಬದಿಗೆ ಹೋಗಿ ಪಕ್ಕದ ಸೀಟನ್ನೂ ಒತ್ತಿ ನೋಡಿದಳು. ವೈದ್ಯರು ಹೊಟ್ಟೆ ಒತ್ತಿ ನೋಡುವಂತೆ.

"ಇದನ್ನ ಹೊಸ ಗಾಡಿ ಅಂತ ಬಿಲ್ ಮಾಡ್ತಿದ್ದೀರಾ?"

"ಖಂಡಿ..." ಎಂದ ಖಂಡಿತ. ಉಳಿದರ್ಧ ಹೊರಗೆ ಬರಲಿಲ್ಲ.

"ಓಡಿಸೋರ ಸೀಟಿನ ಫೋಮ್ ಒಂದು ಬೆರಳು ಕೂತಿದೆ. ಒತ್ತಿದ್ರೆ ಏಳ್ತಾ ಇಲ್ಲ. ಬರೀ ಫೋಟೊಗೆ ಕೂತು ಎದ್ದು ಹೋದವರಿಂದ ಇಷ್ಟು ಆಗಲ್ಲ. ಇದನ್ನ ದಿನಾ ಜನ ಓಡಿಸಿ ನೋಡಿದ್ದಾರೆ. ಹದಿನೆಂಟು ವರ್ಷದಿಂದ ನಾನು ಮಾಡ್ತಿರೋದು ಇದೇ ಕೆಲಸ. ಮೀಟರ್ ತೋರಿಸಿ."

ಖಂಡಿತ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರು ಮೀಟರು ತೋರಿಸಿದರು. ಶೋರೂಮಿನ ನಡುವೆ ರಿಬ್ಬನ್ ಕಟ್ಟಿಕೊಂಡು ನಿಂತಿದ್ದ ಆ ಗಾಡಿ ಒಂಬೈನೂರ ನಲವತ್ತು ಕಿಲೋಮೀಟರ್ ಓಡಿತ್ತು. ನಾನು ಬಾಗಿಲಿನ ಸದ್ದಿನಿಂದ ಹಿಡಿದು ಮುಖದ ಭಾವದವರೆಗೆ ತಿದ್ದಿದ್ದೆ. ಮೀಟರು ನೋಡಿರಲಿಲ್ಲ.

"ಓಡಿಸಿ ನೋಡೋಕೆ ಇಟ್ಟ ಗಾಡಿ ಮೇಡಂ. ಹೇಳಬೇಕಿತ್ತು. ತಪ್ಪಾಯ್ತು" ಎಂದರು ಮ್ಯಾನೇಜರು.

"ಅಂಥ ಗಾಡಿಗೆ ನೀವೇ ಎಷ್ಟು ಬಿಡ್ತೀರೋ ಅಷ್ಟು ಬಿಡಿ. ನನಗೆ ಶುಕ್ರವಾರ ಕುರ್ಚಿ ಸಾಗಿಸಬೇಕು, ಅವಸರ ಇದೆ. ಸುಳ್ಳು ಯಾಕೆ ಹೇಳಲಿ?"

ಹೇಳಲೇಬಾರದ ಆ ಮಾತನ್ನು ಹೇಳಿಯೇಬಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆಯುವಷ್ಟರಲ್ಲಿ ಬೆಲೆ ನೂರಕ್ಕೆ ಹನ್ನೊಂದರಷ್ಟು ಇಳಿದಿತ್ತು, ಗುರುವಾರ ಬೆಳಗ್ಗೆ ಗಾಡಿ ಕೈಗೆ ಕೊಡುತ್ತೇವೆಂದು ಬರೆದೂ ಕೊಟ್ಟಿದ್ದರು. ಅವಳು ಟೇಪು ತೆಗೆದಲ್ಲಿಂದ ಎಲ್ಲ ಸೇರಿ ಹತ್ತು ನಿಮಿಷ. ಭಾವಮೈದನಿಗಿಂತ ಎರಡು ನಿಮಿಷ ಬೇಗ.

"ಮೇಡಂ, ಸರ್ ಹೇಳಿದ ಆ ಹತ್ತೊಂಬತ್ತು ದೋಷ?" ಎಂದ ಖಂಡಿತ, ಹಾಳೆ ಬಿಡಲು ಮನಸ್ಸಿಲ್ಲದೆ.

"ಹಾಗೇ ಇರಲಿ. ದೋಷ ಇರೋದನ್ನ ಇಪ್ಪತ್ನಾಲ್ಕು ವರ್ಷದಿಂದ ನಡೆಸ್ಕೊಂಡು ಬಂದಿದ್ದೀನಿ, ಏನೂ ಜೋಡಿಸದೆ" ಎಂದು ನನ್ನ ಕಡೆ ನೋಡಿದಳು.

ಚೆಕ್ಕಿಗೆ ಸಹಿ ಹಾಕಲು ನನ್ನ ಕೆಂಪು ಪೆನ್ನಿನತ್ತ ಕೈ ಚಾಚಿ, ಬಣ್ಣ ನೋಡಿ, ಖಂಡಿತನ ನೀಲಿ ಪೆನ್ನು ತೆಗೆದುಕೊಂಡಳು.

ಗುರುವಾರ ಗಾಡಿ ಬಂತು. ಮೊದಲ ಹದಿನೆಂಟು ಕುರ್ಚಿ ಹೇರಿ ಹಗ್ಗ ಬಿಗಿದಳು. ನಾನು ಅಂಗಡಿಯ ಬಾಗಿಲಲ್ಲಿ ನಿಂತು, ಬೆಲೆ ಹತ್ತಕ್ಕಿಂತ ಹೆಚ್ಚೇ ಇಳಿದಿರುವುದರಿಂದ ನನ್ನ ಪ್ರತಿಜ್ಞೆ ತಾಂತ್ರಿಕವಾಗಿ ನೆರವೇರಿದೆ, ಆದ್ದರಿಂದ ಪೆನ್ನು ಮುರಿಯಬೇಕಿಲ್ಲ ಎಂದು ವಿವರಿಸುತ್ತಿದ್ದೆ. ಅವಳು ಚಾಲಕನ ಸೀಟಿನಲ್ಲಿ ಕೂತು ಪಕ್ಕದ ಬಾಗಿಲು ತೆರೆದಳು. ಅದು ತಗಡಿನ ಡಬ್ಬದಂತೆಯೇ ಸದ್ದು ಮಾಡಿತು.

"ಹತ್ತಿ."

ಎದೆ ಉಬ್ಬಿತು. ಕೊನೆಗೂ ನನ್ನ ಅಗತ್ಯ ಬಿದ್ದಿತ್ತು. "ಆಸ್ಪತ್ರೆಯವರ ಹತ್ತಿರ ನಾನೇ ಮಾತಾಡಲಾ?"

"ಬೇಡ. ಇದು ತಗ್ಗು, ಅದು ಎತ್ತರ, ಎರಡು ಸೀಟೂ ಸಮ ಇಲ್ಲ. ಆರ್ಡರ್ ಮುಗಿಯೋವರೆಗೆ ಹೊಸ ಫೋಮ್ ತುಂಬೋಕೆ ನನಗೆ ಪುರುಸೊತ್ತಿಲ್ಲ. ಅಲ್ಲೀವರೆಗೆ ದಿನಾ ನೀವು ಅದರ ಮೇಲೆ ಕೂತ್ಕೊಳ್ಳಿ, ತಾನಾಗೇ ಸಮ ಆಗುತ್ತೆ."

"ಕೂತು ಏನು ಮಾಡಲಿ?"

"ಏನೂ ಮಾಡಬೇಡಿ" ಎಂದು ಗೇರು ಹಾಕಿದಳು. "ಮಾತು ಬೇಡ. ಭಾರ ಸಾಕು."