ಕಸ ಓದುವ ದೊಡ್ಡವ್ವ

ನಮ್ಮ ಓಣಿಯಲ್ಲಿ ಯಾರ ಮನೆಯ ಗುಟ್ಟು ಗುಟ್ಟಾಗಿ ಉಳಿದಿದೆ ಹೇಳಿ ನೋಡೋಣ! ಒಂದೂ ಇಲ್ಲ. ಎಲ್ಲವೂ ನಮ್ಮ ದೊಡ್ಡವ್ವನಿಗೆ ಗೊತ್ತು. ಹಾಗೆಂದು ಆಕೆ ಚಾಡಿ ಕೇಳುವವಳಲ್ಲ, ಗೋಡೆಗೆ ಕಿವಿ ಹಚ್ಚುವವಳೂ ಅಲ್ಲ. ಆಕೆ ಕಸ ಓದುತ್ತಾಳೆ!

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಸಿಂದಗಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದಾಳೆ. ಒಬ್ಬ ಮಗಳನ್ನು ಇಂಡಿಗೆ, ಇನ್ನೊಬ್ಬಳನ್ನು ಬಸವನ ಬಾಗೇವಾಡಿಗೆ ಕೊಟ್ಟು, ಒಲೆಯನ್ನು ಸೊಸೆಗೆ ಒಪ್ಪಿಸಿ, "ಇನ್ನ ಆರಾಮ ಕುಂದರ್ತೇನಿ" ಎಂದವಳು ಕೂತದ್ದೆಲ್ಲಿ? ಓಣಿಯ ಮೂಲೆಯ ಕಟ್ಟೆಯ ಮೇಲೆ. ಅದರ ಎದುರಿಗೇ ನಾವೆಲ್ಲ ಕಸ ಎಸೆಯುತ್ತಿದ್ದ ಖಾಲಿ ಜಾಗ. ಆರಾಮ ಅಲ್ಲಿಗೇ ಮುಗಿಯಿತು.

ಮೊದಲು ಸಿಕ್ಕಿಬಿದ್ದವಳು ಎದುರುಮನೆಯ ಗೃಹಿಣಿ. ಒಂದು ಮಧ್ಯಾಹ್ನ ದೊಡ್ಡವ್ವ ಶುಭ್ರ ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಆಕೆಯ ಮನೆಗೆ ಹೋದಳು. ಏನೋ ತಿಂಡಿ ಬಂತೆಂದು ಆಕೆ ಕೂರಿಸಿ, ಅರಿಷಿಣ ಕುಂಕುಮ ಕೊಟ್ಟು, ಸಂಭ್ರಮದಿಂದ ಬಟ್ಟೆ ಸರಿಸಿದರೆ, ಬೆಳಿಗ್ಗೆ ತಾನೇ ಎಸೆದ ಕಸದ ಚೀಲ!

"ಇದು ನಂದಲ್ರಿ!"

"ಯಾಲಕ್ಕಿ ಸಿಪ್ಪಿ ಐತಿ, ಬೆಲ್ಲ ಕಟ್ಟಿದ ಕಾಗದ ಐತಿ. ನಿನ್ನಿ ಈ ಓಣ್ಯಾಗ ಹೋಳಿಗಿ ಮಾಡಿದಾಕಿ ನೀ ಒಬ್ಬಾಕಿನ. ಹೋಳಿಗಿ ಕೊಡಲಿಲ್ಲ, ಹೋಗ್ಲಿ. ಸಿಪ್ಪಿ ಯಾಕ ಕೊಟ್ಟಿ?"

ಮರುದಿನವೇ ಆ ಮನೆಯ ಬಾಗಿಲಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬುಟ್ಟಿ ಕಾಣಿಸಿಕೊಂಡವು. ದೊಡ್ಡವ್ವನಿಗೆ ನಾಲ್ಕು ಹೋಳಿಗೆಯೂ ಬಂದವೆನ್ನಿ!

ಆದರೆ ಬುಟ್ಟಿ ಇಟ್ಟರೆ ಸಾಕೇ? ಕಸದ ಗಾಡಿ ಬಂದಾಗ ಜನ ಹೊರಬರಬೇಕಲ್ಲ? ಗಾಡಿ ಹಾಡಿಕೊಂಡು ಬಂದು ಹಾಡಿಕೊಂಡೇ ಹೋಗುತ್ತಿತ್ತು. ಒಂದು ದಿನ ಯಾರದೋ ಮನೆಯ ಹೆಸರಿಡುವ ಕಾರ್ಯಕ್ರಮಕ್ಕೆ ದೊಡ್ಡವ್ವ ಇಳಕಲ್ ಸೀರೆ ಉಟ್ಟು ಹೊರಟಳು. ಹೊರಟದ್ದು ಕಸದ ಗಾಡಿಯ ಮುಂದಿನ ಸೀಟಿನಲ್ಲಿ!

"ದೊಡ್ಡವ್ವಾ, ಮಂದಿ ನಗ್ತಾರ!" ಎಂದು ನಾನು ಹಣೆ ಚಚ್ಚಿಕೊಂಡೆ.

"ನಗ್ಲಿ ಬಿಡು. ನಗಾಕರ ಹೊರಗ ಬರ್ತಾರಲ್ಲ? ಬರೂವಾಗ ಬುಟ್ಟಿ ತರ್ರಿ ಅಂತೇನಿ."

ತಂದರು! ಹೀಗೆ ಆರು ತಿಂಗಳಲ್ಲಿ ಆ ಕಸದ ಜಾಗ ಸ್ವಚ್ಛವಾಯಿತು. ಪುರಸಭೆಯವರು ಮಣ್ಣು ಹಾಕಿಸಿ ಕೊಟ್ಟರು, ಓಣಿಯವರು ಎರಡು ಗೊಬ್ಬರದ ಗುಂಡಿ ತೋಡಿದರು, ಸುತ್ತ ಬೇವಿನ ಸಸಿ ನೆಟ್ಟರು. ಗೊಳಸಂಗಿಯಿಂದ ಬಂದ ನಮ್ಮ ಬೀಗರು ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು, ಮೂಸಿ, "ಭಾರಿ ಐತ್ರಿ! ಎಲ್ಲಿಂದ ತರಸ್ತೀರಿ?" ಎಂದು ಕೇಳಿದರು. "ನೀವು ಹೋದ ಸಲ ಬಂದಾಗ ಉಂಡ ಬದನಿಕಾಯಿ ತೊಟ್ಟಿಂದ್ರಿ" ಎಂದಳು ದೊಡ್ಡವ್ವ.

ಸುದ್ದಿ ಹಬ್ಬಿ ಮುದ್ದೇಬಿಹಾಳದಿಂದ ಹತ್ತಾರು ಹೆಣ್ಣುಮಕ್ಕಳು ನೋಡಲು ಬಂದರು. ಎಲ್ಲ ತೋರಿಸಿದ ಮೇಲೆ ದೊಡ್ಡವ್ವ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಓಣ್ಯಾಗ ಕಟ್ಟಿ ಮ್ಯಾಲೆ ಕುಂದರೂ ಮುದುಕಿ ಯಾರದಾಳ?"

"ಅಂಥಾಕಿ ಯಾರೂ ಇಲ್ರಿ."

"ಹಂಗಾರ ನಿಮ್ಮೊಳಗ ಯಾರರ ಒಬ್ಬಾಕಿ ಲಗೂನ ಮುದುಕಿ ಆಗ್ರಿ!"

ಇಷ್ಟೆಲ್ಲ ನಗುನಗುತ್ತ ಹೇಳುವ ನಾನೇನು ಸಾಚಾ ಎಂದುಕೊಂಡಿರಾ? ಮೊನ್ನೆ ನಡೆದದ್ದನ್ನೂ ಹೇಳಿಬಿಡುತ್ತೇನೆ.

ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಗಾಜಿನ ಲೋಟವೊಂದು ಕೈಜಾರಿ ಒಡೆಯಿತು. ಗಾಜನ್ನು ಕಾಗದದಲ್ಲಿ ಸುತ್ತಿ ಬೇರೆ ಕೊಡಬೇಕೆಂದು ಗೊತ್ತಿತ್ತು. ಯಾರಿಗಿದೆ ಪುರುಸೊತ್ತು ಎಂದು ಒಣ ಕಸದ ಬುಟ್ಟಿಗೆ ಸುರಿದೆ. ಗಾಡಿಯ ಜೊತೆ ಬರುವ ಹೆಣ್ಣುಮಗಳು ಕಸ ಬೇರೆ ಮಾಡುವಾಗ ಅದಕ್ಕೆ ಕೈ ಹಾಕಿದಳು. ಅಂಗೈ ಸೀಳಿತು. ದೊಡ್ಡವ್ವ ತನ್ನ ಸೆರಗನ್ನೇ ಸುತ್ತಿ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದಳು, ಹೊಲಿಗೆ ಹಾಕಿಸಿದಳು ಎಂಬ ಸುದ್ದಿ ನನಗೆ ಮುಟ್ಟಿದ್ದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ. ಅದು ಬೇರೆಯವರ ಮನೆಯ ಗಾಜಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿರುವಾಗಲೇ ಇಬ್ಬರೂ ನನ್ನ ಬಾಗಿಲಲ್ಲಿ ನಿಂತಿದ್ದರು.

ದೊಡ್ಡವ್ವ ಒಂದು ಗಾಜಿನ ಚೂರನ್ನು ಮೇಜಿನ ಮೇಲಿಟ್ಟಳು. ಮೇಲೆ ಹಸಿರು ಹೂವು. ನನ್ನ ಮದುವೆಯಲ್ಲಿ ಆಕೆಯೇ ಕೊಟ್ಟ ಆರು ಲೋಟಗಳಲ್ಲಿ ಒಂದು! ಬೈಗುಳಕ್ಕೆ ನಾನು ತಲೆ ತಗ್ಗಿಸಿದೆ. ಬೈಗುಳ ಬರಲೇ ಇಲ್ಲ.

"ಮುಂಜಾನಿಂದ ಉಂಡಿಲ್ಲ ಈಕಿ. ತಾಟು ಹಚ್ಚು" ಎಂದಳು, ಅಷ್ಟೆ.

ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಪುಡಿ ಬಡಿಸಿದೆ. ಆಕೆಯ ಬಲಗೈ ತುಂಬ ಬ್ಯಾಂಡೇಜು. "ಎಡಗೈಲೆ ಉಣ್ತೇನ್ರಿ, ನಡೀತೈತಿ" ಎಂದಳು ಸಂಕೋಚದಿಂದ. ದೊಡ್ಡವ್ವ ಪಕ್ಕದಲ್ಲಿ ಕೂತು ರೊಟ್ಟಿ ಮುರಿದು, ಪಲ್ಯ ಹಚ್ಚಿ, "ಬಾಯಿ ತೆಗಿ ನನ್ನವ್ವ" ಎಂದು ಮೊದಲ ತುತ್ತು ಇಟ್ಟಳು. ಆಮೇಲೆ ತಾಟನ್ನು ನನ್ನ ಕಡೆ ಸರಿಸಿದಳು.

"ತಪ್ಪಾತು ತಂಗಿ, ನನ್ನಿಂದ ಆತು" ಎಂದು ನಾನೂ ರೊಟ್ಟಿ ಮುರಿದು ಪಲ್ಯ ಹಚ್ಚಿದೆ. ತುತ್ತನ್ನು ಆಕೆಯ ಬಾಯಿಯ ಹತ್ತಿರ ಒಯ್ದು ಅಲ್ಲೇ ತಡೆದೆ. ಆ ಹೆಣ್ಣುಮಗಳು ತನ್ನ ಎಡಗೈಯಿಂದ ನನ್ನ ಮಣಿಕಟ್ಟನ್ನು ಹಗುರವಾಗಿ ಹಿಡಿದು, ನಕ್ಕು, ಬಾಯಿ ತೆರೆದಳು.